ಇಂಟರ್‌ವ್ಯೂ ದಿನದ ನಿಕಾಹ್

ಕುಣಿಗಲ್
27 ಜನವರಿ 2002

ಬೇಟಿ ಅಸ್ಫಿಯಾಳಿಗೆ ಕುಲ್ಸುಂ ಬೀ ಮಾಡುವ ದುವಾಗಳು.

ಮದುವೆಗೆ ಮುಂಚೆಯೇ ಅತ್ತೆಯಾಗುವವಳು ಸೊಸೆಯಾಗುವವಳಿಗೆ ಕಾಗದ ಬರೆಯುವುದು ನಮ್ಮಲ್ಲಿ ಇಲ್ಲದ ಪದ್ಧತಿ ಎಂದು ನನಗೆ ಗೊತ್ತು. ಫೋನು ಮಾಡೋಣವೆಂದರೆ ನಮ್ಮ ಬೀದಿಯ ಎಸ್.ಟಿ.ಡಿ. ಬೂತಿನಲ್ಲಿ ನಾನು ಬಾಯಿ ತೆರೆದರೆ ಅರ್ಧ ಕುಣಿಗಲ್ಲಿಗೆ ಕೇಳಿಸುತ್ತದೆ. ನನ್ನ ಮಗ ಸಯೀದನ ಕೈಯಲ್ಲಿ ಹೇಳಿಕಳಿಸೋಣವೆಂದರೆ ಆ ಹುಡುಗ ನಿನ್ನ ಹೆಸರೆತ್ತಿದರೆ ಸಾಕು, ರಿಪೇರಿಗೆ ಬಿಚ್ಚಿಟ್ಟ ರೇಡಿಯೋದೊಳಗೆ ತಲೆ ತೂರಿಸಿಬಿಡುತ್ತಾನೆ. ಮನೆಯಲ್ಲಿ ನಾವು ಆಡುವುದು ಉರ್ದುವಾದರೂ ನಾನು ಏಳನೆಯವರೆಗೆ ಓದಿದ್ದು ಕನ್ನಡ ಶಾಲೆಯಲ್ಲಿ. ನೀನೂ ಗುಬ್ಬಿಯಲ್ಲಿ ಕನ್ನಡ ಶಾಲೆಗೇ ಹೋದವಳೆಂದು ನಿಮ್ಮಪ್ಪ ಇಸಾಕ್ ಸಾಬರು ಹೇಳಿದರು. ಆದ್ದರಿಂದ ಕನ್ನಡದಲ್ಲೇ ಬೈಯುತ್ತೇನೆ.

ಬೈಯಲು ಎರಡು ವಿಷಯ ಇವೆ. ನಿಶ್ಚಯದ ದಿನ ಗುಬ್ಬಿಗೆ ಬಂದು ನಿನ್ನ ಎರಡು ಕೈಗೂ ಹಸಿರು ಬಳೆ ತೊಡಿಸಿದವಳು ನಾನು. ನನ್ನ ಬಳೆ ಅಂಗಡಿಯಲ್ಲಿದ್ದ ಒಳ್ಳೆ ಸರಕು ಅದು. ವಾರ ಕಳೆದಿಲ್ಲ, ನಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮ ತಂಗಿಯ ಹೆರಿಗೆಗೆಂದು ನೀನು ಕೆಲಸ ಮಾಡುವ ತುಮಕೂರಿನ ನರ್ಸಿಂಗ್ ಹೋಮಿಗೆ ಬಂದಿದ್ದಳು. ಅಲ್ಲಿಂದ ಊರಿಗೆ ವಾಪಸು ಬಂದವಳೇ ನನ್ನ ಅಂಗಡಿ ಮುಂದೆ ನಿಂತು, ನಾಲ್ಕು ಜನ ಗಿರಾಕಿಗಳ ಎದುರಿಗೆ, "ಅಲ್ಲ ಕಣಕ್ಕಾ, ಬಳೆ ಮಾರೋಳ ಸೊಸೆ ಕೈಯಾಗೆ ಒಂದು ಬಳೆನೂ ಇಲ್ವಲ್ಲ" ಅಂದಳು. ನನ್ನ ಮುಖ ಎಲ್ಲಿಡಲಿ ಹೇಳು.

ಎರಡನೆಯದು ಅದಕ್ಕಿಂತ ದೊಡ್ಡದು. ನೀನು ಬೆಂಗಳೂರಿಗೆ ಹೋಗಿ ಹಾಸ್ಟೆಲಿನಲ್ಲಿದ್ದು ಇನ್ನೂ ಎರಡು ವರ್ಷ ಓದುತ್ತೀಯಂತೆ. ಇದೂ ಪುಟ್ಟತಾಯಮ್ಮನೇ ತಂದ ಸುದ್ದಿ. ನರ್ಸ್ ಆಗಿರುವವಳು ಮತ್ತೆ ನರ್ಸ್ ಆಗಲು ಓದುವುದೆಂದರೇನು? ನನಗೆ ತಲೆಬುಡ ತಿಳಿಯಲಿಲ್ಲ. ಮದುವೆ ಇಷ್ಟವಿಲ್ಲದ್ದಕ್ಕೆ ಇದು ನೆಪವಾದರೆ ನೇರವಾಗಿ ಬರೆ. ನಾನು ಅಳುವವಳಲ್ಲ.

ನಿನ್ನ ಮೇಲೆ ಸಿಟ್ಟೂ ಇರುವ, ಆಸೆಯೂ ಇರುವ,
ಕುಲ್ಸುಂ ಬೀ


ಮರಳೂರು, ತುಮಕೂರು
3 ಫೆಬ್ರವರಿ 2002

ಪ್ರೀತಿಯ ಖಾಲಾ ಅವರಿಗೆ ಅಸ್ಸಲಾಮು ಅಲೈಕುಮ್.

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಮೊದಲು ಹೆದರಿದೆ, ಆಮೇಲೆ ನಗು ಬಂತು, ಕೊನೆಗೆ ಎರಡೂ ಒಟ್ಟಿಗೇ ಆಯಿತು. ಮದುವೆ ನನಗೆ ಇಷ್ಟವಿಲ್ಲವೆಂದು ದಯವಿಟ್ಟು ತಿಳಿಯಬೇಡಿ. ನನಗೆ ಇಷ್ಟ ಇದೆ. ಇದಕ್ಕಿಂತ ಹೆಚ್ಚು ಬರೆದರೆ ನನಗೂ ರೇಡಿಯೋ ಹುಡುಕಬೇಕಾದೀತು.

ಬಳೆಯ ವಿಷಯ. ಹೆರಿಗೆ ಕೋಣೆಗೆ ಹೋಗುವಾಗ ಮೊಣಕೈಯವರೆಗೂ ಸೋಪು ಹಚ್ಚಿ ತೊಳೆಯಬೇಕು. ಬಳೆಯ ಸಂದಿಯಲ್ಲಿ ಉಳಿದ ಕೊಳೆ ಬಾಣಂತಿಗೆ ನಂಜಾಗುತ್ತದೆ. ಬಳೆ ಒಡೆದರೆ ಚೂರು ಮಗುವಿಗೆ ತಾಗುತ್ತದೆ. ನೀವು ತೊಡಿಸಿದವನ್ನು ನಾನು ಒಡೆಯಲಿಲ್ಲ. ಸೋಪಿನ ನೊರೆ ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದು, ಹತ್ತಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೇನೆ. ಒಂದು ಮಾತ್ರ ಬಿರುಕು ಬಿಟ್ಟಿತು, ಅದನ್ನು ಮಾಫಿ ಮಾಡಿ.

ಇನ್ನು ಓದಿನ ವಿಷಯ. ಹೋದ ಮಳೆಗಾಲದಲ್ಲಿ ಊರ್ಡಿಗೆರೆಯಿಂದ ಒಬ್ಬ ಹೆಂಗಸು ನೋವು ತಿನ್ನುತ್ತಾ ಬಂದಳು. ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಿದರೆ ಮಗುವಿನ ಎದೆಬಡಿತ ಕುಗ್ಗುತ್ತಿತ್ತು. ಏನು ಮಾಡಬೇಕೆಂದು ನನಗೆ ತಿಳಿದಿತ್ತು, ಮಾಡುವ ಅಧಿಕಾರ ಇರಲಿಲ್ಲ. ಡಾಕ್ಟರು ಇನ್ನೊಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಿದ್ದರು. ಫೋನಿನಲ್ಲಿ "ಬರ್ತಾ ಇದೀನಿ, ಕಾಯಿ" ಎಂದರು. ನಾನು ಅವಳ ಕೈ ಹಿಡಿದುಕೊಂಡು ಕಾದೆ. ಅಲ್ಲಾಹನ ದಯೆಯಿಂದ ತಾಯಿಯೂ ಮಗುವೂ ಉಳಿದರು. ಎಲ್ಲರೂ ಸಿಹಿ ಹಂಚಿದರು. ನನಗೆ ಆ ಸಿಹಿ ಇಳಿಯಲಿಲ್ಲ.

ಹೊರದೇಶಗಳಲ್ಲಿ ಹೆಚ್ಚು ಓದಿದ ನರ್ಸು ತಾನೇ ಪರೀಕ್ಷೆ ಮಾಡಿ, ತಾನೇ ತೀರ್ಮಾನಿಸಿ, ಹೆರಿಗೆ ಮಾಡಿಸಬಹುದಂತೆ. ಅವರಿಗೆ ನರ್ಸ್ ಪ್ರಾಕ್ಟೀಷನರ್ ಎನ್ನುತ್ತಾರೆ. ನಮ್ಮಲ್ಲೂ ಮುಂದೆ ಬರುತ್ತದೆ, ಬಂದಾಗ ಎಂ.ಎಸ್ಸಿ. ನರ್ಸಿಂಗ್ ಓದಿದವರನ್ನೇ ಮೊದಲು ಕರೆಯುತ್ತಾರೆ ಎಂದು ನಮ್ಮ ಮೇಟ್ರನ್ ಹೇಳುತ್ತಾರೆ. ನಾನು ಬಿ.ಎಸ್ಸಿ. ಮುಗಿಸಿಕೊಂಡಿದ್ದೇನೆ. ಬೆಂಗಳೂರಿನ ಸರ್ಕಾರಿ ಸೀಟಿಗೆ ಅರ್ಜಿ ಹಾಕಲು ಮಾರ್ಚ್ ಮಧ್ಯದವರೆಗೆ ಸಮಯ ಇದೆ.

ಅರ್ಜಿಗೆ ಮನೆಯ ಹಿರಿಯರ ಸಹಿ ಬೇಕು. ಅಬ್ಬಾ ಹಾಸಿಗೆ ಹೊಲಿಯುತ್ತಿದ್ದ ಸೂಜಿಯನ್ನು ಪಕ್ಕಕ್ಕಿಟ್ಟು ಹೇಳಿದ್ದು ಇಷ್ಟು: "ನೀನೀಗ ಅರ್ಧ ಕುಣಿಗಲ್ನೋಳು. ನಾನೊಬ್ನೇ ಹ್ಞೂ ಅಂದ್ರೆ ಆಗಲ್ಲ. ಆಯಮ್ಮ ಹ್ಞೂ ಅನ್ಲಿ, ಆಮೇಲೆ ಸೈನ್ ಹಾಕ್ತೀನಿ." ಅದಕ್ಕೇ ಕೇಳುತ್ತಿದ್ದೇನೆ ಖಾಲಾ. ನೀವು ಬೇಡವೆಂದರೆ ಅರ್ಜಿ ಹಾಕುವುದಿಲ್ಲ ಎಂದು ಇಲ್ಲಿ ಬರೆಯಬೇಕೆಂದಿದ್ದೆ. ಎರಡು ಸಲ ಪೆನ್ನೆತ್ತಿದೆ, ಬರೆಯಲಾಗಲಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಅಸ್ಫಿಯಾ


ಕುಣಿಗಲ್
10 ಮಾರ್ಚ್ 2002

ಬೇಟಿ ಅಸ್ಫಿಯಾ,

ಒಂದು ತಿಂಗಳು ಸುಮ್ಮನಿದ್ದೆ. ಬಕ್ರೀದ್ ಇತ್ತು, ಅಂಗಡಿಯಲ್ಲಿ ಗಿರಾಕಿ ಇದ್ದರು ಎಂದೆಲ್ಲ ಬರೆಯಬಹುದು. ನಿಜ ಏನೆಂದರೆ ಮುನಿಸಿಕೊಂಡಿದ್ದೆ. ಸೊಸೆ ಬಂದರೆ ಅಂಗಡಿಯಲ್ಲಿ ಪಕ್ಕಕ್ಕೆ ಒಬ್ಬಳು ಕೂತಿರುತ್ತಾಳೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಯಾರದಾದರೂ ಸುದ್ದಿ ಆಡಿಕೊಂಡು ನಗಬಹುದು ಎಂದು ಏನೇನೋ ಲೆಕ್ಕ ಹಾಕಿಕೊಂಡಿದ್ದೆ. ಗಂಡ ತೀರಿಕೊಂಡ ಮೇಲೆ ನನಗೆ ಮಾತಿಗೆ ಜನ ಕಡಿಮೆ. ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವನು ಅಶ್ಫಾಕ್ ಸೌದಿಯಲ್ಲಿದ್ದಾನೆ, ಚಿಕ್ಕವನು ರೇಡಿಯೋದ ಜೊತೆ ಮಾತಾಡುತ್ತಾನೆ.

ಮೊನ್ನೆ ಮಾರ್ಕೋನಹಳ್ಳಿ ಕಡೆ ಒಂದು ಸೀಮಂತಕ್ಕೆ ಬಳೆ ತೊಡಿಸಲು ಹೋಗಿದ್ದೆ. ಕೆಲಸ ಮುಗಿಸಿ ಬರುವಾಗ ಆ ಊರಿನ ಹನುಮಮ್ಮ ತನ್ನ ಬಾಗಿಲಲ್ಲಿ ಕೂತಿದ್ದಳು. ನಾನು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದು ಬಂದೆ. ಯಾಕೆ ಅಂದರೆ ಹೋದ ವರ್ಷ ಹನುಮಮ್ಮನ ಮಗಳಿಗೂ ನಾನೇ ಸೀಮಂತದ ಬಳೆ ತೊಡಿಸಿದ್ದೆ. ಮುದ್ದಾದ ಕೈ ಆ ಹುಡುಗಿಯದು, ಸಣ್ಣ ಅಳತೆ, ನೋಯುತ್ತೆ ನೋಯುತ್ತೆ ಎನ್ನುತ್ತಲೇ ನಗುತ್ತಿದ್ದಳು. ಹೆರಿಗೆ ಮನೆಯಲ್ಲೇ ಆಯಿತು. ಮಗು ಚೆನ್ನಾಗಿತ್ತು. ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟವರು ದಾರಿಯಲ್ಲೇ ತಿರುಗಿ ಬಂದರು. ನೋಡಲು ಹೋಗಿದ್ದೆ. ಬಳೆಗಳು ಇನ್ನೂ ಹೊಸದಾಗಿದ್ದವು. ಆವತ್ತಿನಿಂದ ಆ ಮನೆಯವರ ಮುಖ ನೋಡಲು ನನಗೆ ಆಗುತ್ತಿಲ್ಲ. ನನ್ನ ತಪ್ಪೇನೂ ಇಲ್ಲ ಎಂದು ಗೊತ್ತು, ಆದರೂ ಆಗುತ್ತಿಲ್ಲ.

ಬಸ್ಸಿನಲ್ಲಿ ನಿನ್ನ ಕಾಗದ ನೆನಪಾಯಿತು. ಆ ಮನೆಯಲ್ಲಿ ಆ ಹೊತ್ತು ನಿನ್ನಂಥವಳೊಬ್ಬಳು ಇದ್ದಿದ್ದರೆ ಎಂದುಕೊಂಡೆ. ಇಡೀ ದಾರಿ ಅದೇ ಯೋಚನೆ. ಮನೆಗೆ ಬಂದು ಸಯೀದನನ್ನು ಕೇಳಿದೆ, ನಿನ್ನ ಹೆಂಡತಿಯಾಗುವವಳು ಎರಡು ವರ್ಷ ಹಾಸ್ಟೆಲಿನಲ್ಲಿದ್ದರೆ ನಿನಗೆ ಪರವಾಗಿಲ್ಲವೇನೋ ಅಂತ. ತಲೆಯೆತ್ತದೆ, "ಓದ್ಲಿ ಬಿಡಮ್ಮಿ. ನಾನೇ ಬೆಂಗಳೂರಿಗೆ ಸ್ಪೇರ್ ಪಾರ್ಟ್ ತರೋಕೆ ಹೋಗ್ತಾ ಇರ್ತೀನಲ್ಲ" ಅಂದ. ಹೋದ ವರ್ಷವೆಲ್ಲ ಎರಡು ಸಲ ಹೋಗಿದ್ದನಷ್ಟೆ. ಇನ್ನು ಮುಂದೆ ಕುಣಿಗಲ್ಲಿನ ರೇಡಿಯೋಗಳೆಲ್ಲ ವಾರವಾರ ಕೆಡುತ್ತವೆ ಎಂದು ಕಾಣುತ್ತದೆ.

ಆಗಲಿ, ಅರ್ಜಿ ಹಾಕು. ಆದರೆ ನನ್ನದೊಂದು ಮಾತು. ನಿಕಾಹ್ ಮಾತ್ರ ಜೂನ್ ಹದಿನಾಲ್ಕರ ಶುಕ್ರವಾರ ಆಗಿಬಿಡಬೇಕು. ಅಶ್ಫಾಕನಿಗೆ ಆಗಲೇ ರಜೆ, ಭಾನುವಾರ ವಾಪಸು ವಿಮಾನ. ತಮ್ಮನ ಮದುವೆ ನೋಡದೆ ಹೋದರೆ ಅವನು ಮತ್ತೆ ಬರುವುದು ಮೂರು ವರ್ಷಕ್ಕೆ. ನಿಕಾಹ್ ಆದ ಮೇಲೆ ನೀನು ನಮ್ಮನೆಯವಳು. ಆಮೇಲೆ ನೀನು ಎಷ್ಟು ಬೇಕಾದರೂ ಓದು, ಬೀದಿಯವರಿಗೆ ಉತ್ತರ ಕೊಡುವುದು ನನ್ನ ಪಾಲಿಗಿರಲಿ.

ಅಂಚೆಯಲ್ಲಿ ತಡವಾದೀತೆಂದು, ಭಾನುವಾರ ನೀನು ಮನೆಯಲ್ಲೇ ಇರುತ್ತೀಯೆಂದು, ಈ ಕಾಗದವನ್ನು ಸಯೀದನ ಕೈಯಲ್ಲೇ ಕೊಟ್ಟು ಗುಬ್ಬಿಗೆ ಅಟ್ಟಿದ್ದೇನೆ. ಅವನಿಗೆ ಚಹಾ ಕೊಡಿ. ನೀನು ಎದುರಿಗೆ ಬರಬೇಡ, ಪಾಪ, ಲೋಟ ಬೀಳಿಸುತ್ತಾನೆ.

ನಿನ್ನ,
ಕುಲ್ಸುಂ ಬೀ


ಗುಬ್ಬಿ
7 ಜೂನ್ 2002

ಖಾಲಾ,

ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿದ್ದೇನೆ. ಈ ಸಾಲನ್ನು ಬೇರೆ ಯಾವುದೇ ದಿನವಾಗಿದ್ದರೆ ಕುಣಿದಾಡಿಕೊಂಡು ಬರೆಯುತ್ತಿದ್ದೆ.

ಇವತ್ತು ಇಂಟರ್‌ವ್ಯೂ ಕಾರ್ಡು ಬಂತು. ತಾರೀಖು ಜೂನ್ ಹದಿನಾಲ್ಕು. ಅಬ್ಬಾ ಕನ್ನಡಕ ಹಾಕಿಕೊಂಡು ಒಂದು ಸಲ, ತೆಗೆದು ಒಂದು ಸಲ ನೋಡಿದರು, ಎರಡಕ್ಕೂ ಅದೇ ತಾರೀಖು ಕಂಡಿತು. ನಾನು ಬೂತಿಗೆ ಹೋಗಿ ಕಾಲೇಜಿಗೆ ಫೋನು ಮಾಡಿ ಬೇಡಿಕೊಂಡೆ. ದಿನ ಬದಲಾಯಿಸುವುದಿಲ್ಲ, ಬರದಿದ್ದರೆ ಸೀಟು ಪಟ್ಟಿಯಲ್ಲಿ ನಂತರ ಇರುವವರಿಗೆ ಹೋಗುತ್ತದೆ ಎಂದು ಫೋನು ಇಟ್ಟುಬಿಟ್ಟರು. ಅಷ್ಟು ಜನರನ್ನು ಕರೆಯುತ್ತಾರೆ, ನನ್ನ ಸರದಿ ಬೆಳಿಗ್ಗೆ ಬರುತ್ತದೋ ಸಂಜೆ ಬರುತ್ತದೋ ಅದೂ ಗೊತ್ತಿಲ್ಲ.

ಅಬ್ಬಾ ಮದುವೆಗೆಂದು ತರಿಸಿದ್ದ ಹತ್ತಿಯನ್ನು ಮಧ್ಯಾಹ್ನದಿಂದ ಬಡಿಯುತ್ತಾ ಕೂತಿದ್ದಾರೆ. ನಿಕಾಹ್ ಮುಂದಕ್ಕೆ ಹಾಕಿ ಎಂದು ನಿಮ್ಮನ್ನು ಕೇಳಲು ನನಗೆ ಬಾಯಿಲ್ಲ, ಅಶ್ಫಾಕ್ ಭಾಯಿಜಾನರ ವಿಮಾನ ನನಗಾಗಿ ಕಾಯುವುದಿಲ್ಲ. ಇಂಟರ್‌ವ್ಯೂ ಬಿಟ್ಟೆ ಎಂದು ಬರೆಯಲು ಕೈ ಏಳುತ್ತಿಲ್ಲ. ನೀವು ಒಪ್ಪಿದ ಮೇಲೂ ಹೀಗಾಯಿತಲ್ಲ ಎಂದು ಅಳು ಬರುತ್ತಿದೆ. ಏನು ಮಾಡಲಿ ನೀವೇ ಹೇಳಿ.

ಅಸ್ಫಿಯಾ


ಕುಣಿಗಲ್
9 ಜೂನ್ 2002

ಅಳುಬುರುಕಿಗೆ,

ಮೊದಲು ಮುಖ ತೊಳೆದುಕೊಂಡು ಬಾ. ಆಮೇಲೆ ಓದು.

ನಿನ್ನ ಕಾಗದ ಬಂದ ಕೂಡಲೇ ನಾನೂ ಒಂದು ಗಳಿಗೆ ಕಂಗಾಲಾದೆ. ಆಮೇಲೆ ನನ್ನ ನಿಕಾಹ್ ನೆನಪಿಗೆ ಬಂತು. ಅವತ್ತು ನಾನು ಎಲ್ಲಿದ್ದೆ ಗೊತ್ತೇ? ನಮ್ಮ ಚಿಕ್ಕಪ್ಪನ ಮನೆಯ ಹಿಂದಿನ ಕೋಣೆಯಲ್ಲಿ, ಬೆನ್ನ ಹಿಂದೆ ಅಕ್ಕಿ ಮೂಟೆ, ಪಕ್ಕದಲ್ಲಿ ಆಗತಾನೇ ಮರಿಗೆ ಹಾಲೂಡಿದ ಮೇಕೆ. ನಿಕಾಹ್ ನಡೆದದ್ದು ಮೂರು ಬೀದಿ ಆಚೆಯ ಮಸೀದಿಯಲ್ಲಿ. ನಮ್ಮ ಮಾಮು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಂದು, ಇಂಥವರ ಮಗ ಇಂಥವನಿಗೆ ನಿನ್ನನ್ನು ಕೊಡಲು ಒಪ್ಪಿಗೆಯೇ ಎಂದು ಕೇಳಿದರು. ನಾನು ಹ್ಞೂ ಅಂದೆ. ಅವರು ಅದನ್ನು ಹೊತ್ತುಕೊಂಡು ಮಸೀದಿಗೆ ಹೋದರು. ಮದುಮಗಳಿಂದ ಬೇಕಾದ್ದು ಅಷ್ಟೇ ತಾನೇ. ಮೂರು ಬೀದಿ ದಾಟಿದ ಹ್ಞೂ ಬೆಂಗಳೂರಿನಿಂದ ಗುಬ್ಬಿಗೆ ಬರಲಾರದೇ?

ಪಲ್ಲು ಹೊದ್ದು ನೆಟ್ಟಗೆ ನಿಕಾಹ್ ಓದಿಸುವ ಹಜ್ರತರ ಹತ್ತಿರ ಹೋದೆ. ಅವರು ಗಡ್ಡ ನೀವಿಕೊಂಡು ತುಂಬ ಹೊತ್ತು ಯೋಚಿಸಿದರು. ಕಿತಾಬಿನಲ್ಲಿ ಮದುಮಗಳ ಒಪ್ಪಿಗೆ ಎಂದು ಇದೆ, ಅವಳು ಯಾವ ಊರಲ್ಲಿ ಕೂತಿರಬೇಕೆಂದು ಎಲ್ಲೂ ಇಲ್ಲ ಎಂದರು. ಆದರೆ ಹಿಂದಿನ ದಿನವೇ ಕೇಳಿಟ್ಟುಕೊಂಡದ್ದು ತಮಗೆ ಹಿಡಿಸುವುದಿಲ್ಲ, ಅದೇ ದಿನ, ಗಂಡು ಕೊಡುವ ಮೆಹರ್ ಎಷ್ಟೆಂದು ತಿಳಿಸಿ, ಸಾಕ್ಷಿಗಳ ಕಿವಿಗೆ ಬೀಳುವಂತೆ ಕೇಳಬೇಕು ಎಂದರು. ಅವರು ಹಾಗೇ, ಒಂದು ಎಳೆಯನ್ನೂ ಬಿಡುವುದಿಲ್ಲ.

ಆದ್ದರಿಂದ ಹೀಗೆ ಮಾಡು. ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ನಿನ್ನ ಮಾಮು ಮತ್ತು ನಿಮ್ಮ ಬೀದಿಯ ಇಬ್ಬರು ಹಿರಿಯರು ನಿನ್ನ ಜೊತೆ ಬೆಂಗಳೂರಿಗೆ ಬರುತ್ತಾರೆ. ಕಾಲೇಜಿನ ಹತ್ತಿರ ಎಲ್ಲಾದರೂ ನಿಂತು ನಿನ್ನನ್ನು ಕೇಳುತ್ತಾರೆ. ನೀನು ಹೇಳು, ಸಹಿ ಹಾಕು. ಅವರು ಹಿಂದಿರುಗುವ ದಾರಿಯಲ್ಲಿ ತುಮಕೂರಿನಲ್ಲಿ ಮಧ್ಯಾಹ್ನದ ಜುಮಾ ನಮಾಜು ಮುಗಿಸಿ ಗುಬ್ಬಿಗೆ ಬರಲಿ. ನಿಕಾಹನ್ನು ಇಳಿಹೊತ್ತಿನ ಅಸರ್ ನಮಾಜಿನ ಮೇಲೆ ಇಟ್ಟುಕೊಳ್ಳುತ್ತೇವೆ. ನಿನ್ನ ಜೊತೆಗೆ ನಿಮ್ಮತ್ತೆ, ಮಾಮುವಿನ ಹೆಂಡತಿ, ಉಳಿದುಕೊಳ್ಳಲಿ. ನೀನು ನಿನ್ನ ಕೆಲಸ ಮುಗಿಸಿಕೊಂಡು ಬಾ, ಊಟ ತೆಗೆದಿಟ್ಟಿರುತ್ತೇವೆ.

ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಿರಿಯಾನಿ ತಿನ್ನುತ್ತಾ ಎಷ್ಟು ಅಂತ ಆಡಿಕೊಂಡಾರು.

ನಿನ್ನ,
ಕುಲ್ಸುಂ ಬೀ


ಬೆಂಗಳೂರು
14 ಜೂನ್ 2002, ಶುಕ್ರವಾರ

ಪ್ರೀತಿಯ ಖಾಲಾ,

ಇದನ್ನು ಕಾಲೇಜಿನ ವರಾಂಡದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಕಾಗದಕ್ಕಿಂತ ಮೊದಲೇ ನಾನು ನಿಮ್ಮ ಮನೆಯಲ್ಲಿರುತ್ತೇನೆ. ಆದರೆ ಹೊಸ ಮದುಮಗಳು ತಲೆ ತಗ್ಗಿಸಿ ಕೂರಬೇಕು, ವಾರದವರೆಗೆ ಬಾಯಿ ಬಿಡಬಾರದು ಎಂದು ಇಲ್ಲಿರುವ ಮಾಮಿ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಾರೆ. ಅಲ್ಲಿಯವರೆಗೆ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೂರಲು ನನ್ನಿಂದಾಗದು.

ಬೆಳಿಗ್ಗೆ ಗೇಟಿನೊಳಗಿನ ಹೊಂಗೆಮರದ ಕೆಳಗೆ ಮಾಮು ಟೋಪಿ ಸರಿಮಾಡಿಕೊಂಡು, ಇಬ್ಬರು ಹಿರಿಯರನ್ನು ಎರಡು ಕಡೆ ನಿಲ್ಲಿಸಿಕೊಂಡು, ನನ್ನನ್ನು ಕೇಳಲು ಶುರು ಮಾಡಿದರು. ನಾನು ಬಿಳಿ ಯೂನಿಫಾರ್ಮಿನಲ್ಲಿದ್ದೆ, ಮೇಲೆ ಮಾಮಿ ಕೆಂಪು ದುಪಟ್ಟಾ ಹೊದಿಸಿದ್ದರು. ಪದ್ಧತಿಯಂತೆ ಮೂರು ಸಲ ಕೇಳಿ ಮುಗಿಸಿದರು, ನಾನು ಉಸಿರೆಳೆದುಕೊಂಡೆ, ಅಷ್ಟರಲ್ಲಿ ವರಾಂಡದಿಂದ ಪ್ಯೂನು ಮಾರ್ಕ್ಸ್ ಕಾರ್ಡ್ ತೋರಿಸಲು ನನ್ನ ಹೆಸರು ಕೂಗಿದ. "ಹ್ಞಾ, ಬಂದೆ" ಎಂದುಬಿಟ್ಟೆ. ಹಿರಿಯರಲ್ಲಿ ಒಬ್ಬರು ಮಾಮುವಿನ ತೋಳು ಹಿಡಿದು, ಈ ಹ್ಞಾ ಪ್ಯೂನನಿಗೆ ಹೇಳಿದ್ದೋ ನಮಗೆ ಹೇಳಿದ್ದೋ, ಸಂಜೆ ಹಜ್ರತರು ಕೇಳಿದರೆ ನಾನು ಸುಳ್ಳು ಸಾಕ್ಷಿ ಹೇಳಲಾರೆ ಎಂದು ಪಟ್ಟು ಹಿಡಿದರು. ಓಡಿಹೋಗಿ ಕಾರ್ಡು ತೋರಿಸಿ ಬಂದು ಮತ್ತೆ ಮರದ ಕೆಳಗೆ ನಿಂತೆ. ಮತ್ತೆ ಮೂರು ಸಲ. ಈ ಸಲ ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಇಂಟರ್‌ವ್ಯೂಗೆ ಬಂದಿದ್ದ ಕೇರಳದ ಹುಡುಗಿಯರು ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಸಹಿ ಹಾಕಿದೆ. ಮಾಮು ಕಾಗದವನ್ನು ಎದೆಯ ಜೇಬಿಗೆ ಹಾಕಿಕೊಂಡು, ಕೈಯನ್ನು ಅದರ ಮೇಲೇ ಇಟ್ಟುಕೊಂಡು ಹೊರಟರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತು.

ಸಂಜೆ

ನನ್ನನ್ನು ಕರೆದದ್ದು ಎಲ್ಲರ ಕೊನೆಗೆ. ಒಳಗೆ ಮೂರು ಜನ ಮೇಡಂಗಳು. ನಡುವೆ ಕೂತಿದ್ದವರು ಅರ್ಜಿ ತಿರುವುತ್ತಾ, ಇಲ್ಲಿ ಅವಿವಾಹಿತೆ ಎಂದು ಬರೆದಿದ್ದೀರಿ, ಹಾಗೆಯೇ ಇದೆಯಾ ಎಂದರು. ಗೋಡೆ ಗಡಿಯಾರ ನೋಡಿದೆ. ಅಸರ್ ಆಗಿತ್ತು.

"ಬೆಳಿಗ್ಗೆ ಬಂದಾಗ ಹಾಗೇ ಇತ್ತು ಮೇಡಂ. ಈಗ ಆಗಿರಬಹುದು. ಊರಲ್ಲಿ ನಡೀತಾ ಇದೆ" ಎಂದೆ.

ಮೂವರೂ ತಲೆಯೆತ್ತಿದರು. ಎಲ್ಲ ಹೇಳಬೇಕಾಯಿತು. ಒಬ್ಬರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನಡುವಿನವರು ಮಾತ್ರ ನಗಲಿಲ್ಲ. ಮದುವೆಯಾದವರು ಸೀಟು ತಗೊಂಡು ಆರು ತಿಂಗಳಿಗೆ ಮನೆಯವರು ಕರೆದರೆಂದು ಬಿಟ್ಟುಹೋಗುತ್ತಾರೆ, ನೀವೂ ಹಾಗೇ ಮಾಡಿದರೆ ಏನು ಗ್ಯಾರಂಟಿ ಎಂದು ಕೇಳಿದರು. ಮನೆಯವರು ಮದುವೆಯನ್ನೇ ಮದುಮಗಳಿಲ್ಲದೆ ಮಾಡಿಕೊಳ್ಳುತ್ತಿದ್ದಾರೆ ಮೇಡಂ, ಕರೆಯುವ ಹಾಗಿದ್ದರೆ ಇವತ್ತೇ ಕರೆಯುತ್ತಿದ್ದರು ಎಂದೆ.

ಆಮೇಲೆ ಕೆಲಸದ ಪ್ರಶ್ನೆಗಳು ಶುರುವಾದವು. ಹಳ್ಳಿಯಲ್ಲಿ ಹೆರಿಗೆ ಆಗಿದೆ, ರಕ್ತ ನಿಲ್ಲುತ್ತಿಲ್ಲ, ನೀವೊಬ್ಬರೇ ಇದ್ದೀರಿ, ಮೊದಲು ಯಾರಿಗೆ ಫೋನು ಮಾಡುತ್ತೀರಿ ಎಂದರು. ನೀವು ಬರೆದಿದ್ದ ಹನುಮಮ್ಮನ ಮಗಳು ನೆನಪಾದಳು ಖಾಲಾ. ಮೊದಲು ಫೋನಲ್ಲ ಮೇಡಂ, ಮೊದಲು ಕೈ ಹೊಟ್ಟೆಯ ಮೇಲೆ ಹೋಗಬೇಕು, ಗರ್ಭಕೋಶ ಮೆತ್ತಗಿದ್ದರೆ ತಿಕ್ಕಿ ಗಟ್ಟಿ ಮಾಡಬೇಕು, ಫೋನನ್ನು ಬಾಗಿಲಲ್ಲಿ ನಿಂತವರು ಯಾರಾದರೂ ಮಾಡಲಿ ಎಂದೆ. ಮುಂದಿನ ಹಂತಗಳನ್ನೂ ಬಿಡದೆ ಹೇಳಿದೆ.

ಇದರಲ್ಲಿ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾಗ ನಾನು ಹೆಂಡತಿಯಾದೆನೋ ಗೊತ್ತಿಲ್ಲ. ಹೊರಗೆ ಬಂದಾಗ ಮಾಮಿ ನನ್ನ ಮುಖ ಹಿಡಿದು ಮುಬಾರಕ್ ಅಂದರು. ಇಂಟರ್‌ವ್ಯೂಗೋ ನಿಕಾಹಿಗೋ ಎಂದು ಕೇಳಿದೆ. ಎರಡಕ್ಕೂ ಇರಲಿ, ಈಗ ಬಸ್ಸಿಗೆ ನಡಿ ಎಂದರು.

ಇನ್ನು ನಿಮ್ಮನ್ನು ಖಾಲಾ ಅಲ್ಲ, ಅಮ್ಮಿ ಎನ್ನಬೇಕಲ್ಲವೇ?

ನಿಮ್ಮ ಮಗಳು,
ಅಸ್ಫಿಯಾ


ಕುಣಿಗಲ್
8 ಸೆಪ್ಟೆಂಬರ್ 2002

ಬೇಟಿ ಅಸ್ಫಿಯಾ, ಸುಖವಾಗಿರು.

ಹಾಸ್ಟೆಲಿನ ಸಾರು ನೀರಿನಂತಿದೆ ಎಂದು ಬರೆದಿದ್ದೀ. ಸಯೀದ ಮುಂದಿನ ಭಾನುವಾರ ಉಪ್ಪಿನಕಾಯಿ, ಖಾರದ ಪುಡಿ ತರುತ್ತಾನೆ. ಸ್ಪೇರ್ ಪಾರ್ಟ್ ತರಲೆಂದೇ ಬರುತ್ತಿದ್ದಾನಂತೆ, ನಾನು ನಂಬಿದ್ದೇನೆಂದು ಅವನೂ ನಂಬಿದ್ದಾನೆ. ಹೆರಿಗೆ ವಾರ್ಡಿನಲ್ಲಿ ನಿನ್ನನ್ನು ನಿಲ್ಲಿಸಿ ಮೇಡಂ ಹೇಳಿಕೊಡುತ್ತಿದ್ದಾರೆ ಎಂಬುದನ್ನು ಅವನ ಕೈಲಿ ಎರಡು ಸಲ ಓದಿಸಿದೆ. ನನಗೇ ಓದಲು ಬರುತ್ತದೆ, ಆದರೂ ಇನ್ನೊಬ್ಬರ ಬಾಯಲ್ಲಿ ಕೇಳುವುದು ಚೆನ್ನಾಗಿತ್ತು.

ನಿನಗೆ ಹೇಳದೇ ಉಳಿದದ್ದು ಒಂದಿದೆ. ನಿಕಾಹಿನ ದಿನ ಸಯೀದ ಕಬೂಲ್ ಎಂದು ಒಪ್ಪಿದ ಮೇಲೆ ಹೆಂಗಸರೆಲ್ಲ ಮದುಮಗಳನ್ನು ನೋಡಲು ನಿಮ್ಮ ಮನೆಗೆ ನುಗ್ಗಿದರು. ನಿಮ್ಮಪ್ಪ ಬಾಗಿಲಲ್ಲಿ ಅಡ್ಡ ನಿಂತು, ಬಸ್ಸಿನಲ್ಲಿದ್ದಾಳೆ ಬರುತ್ತಾಳೆ ಎಂದು ಬೆವರು ಒರೆಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ಒಬ್ಬ ದೊಡ್ಡಮ್ಮ, ಮದುವೆಗೇ ಇಲ್ಲದವಳು ಸಂಸಾರಕ್ಕೆ ಇರುತ್ತಾಳೆಯೇ ಎಂದಳು. ನನಗೆ ಆ ಮಾತು ಚುಚ್ಚಿತು. ನಿಜ ಹೇಳಬೇಕೆಂದರೆ ಆ ಗಳಿಗೆ ನನಗೂ ಹೆದರಿಕೆಯಾಯಿತು. ನೀನು ಓದಿ ದೊಡ್ಡವಳಾದ ಮೇಲೆ ಬಳೆ ಅಂಗಡಿಯ ಅತ್ತೆ ನಿನಗೆ ಬೇಕಾದೇನೇ ಎಂದು. ಜುಲೈನಲ್ಲಿ ಸೀಟಿನ ಕಾಗದ ಬಂದಾಗ ಬೀದಿಗೆಲ್ಲ ಸಿಹಿ ಹಂಚಿದೆನಲ್ಲ, ಆಗಲೂ ಆ ಹೆದರಿಕೆ ಒಂದು ಮೂಲೆಯಲ್ಲಿ ಇತ್ತು. ನೀನು ಟ್ರಂಕು ಹೊರಿಸಿಕೊಂಡು ಬಸ್ಸು ಹತ್ತಿದ ದಿನವಂತೂ ಅಂಗಡಿ ಬಾಗಿಲು ತೆಗೆಯಲಿಲ್ಲ. ನಾನು ಅಳುವವಳಲ್ಲ ಎಂದು ಬರೆದಿದ್ದೆ, ಅದು ಸುಳ್ಳು.

ಮಾರನೇ ದಿನ ಬಾಗಿಲು ತೆಗೆದೆ. ಮೊದಲ ಗಿರಾಕಿಯೇ ಪುಟ್ಟತಾಯಮ್ಮ. ತಂಗಿಯನ್ನೂ ಅವಳ ಮಗುವನ್ನೂ ಕರೆದುಕೊಂಡು ಬಂದಿದ್ದಳು. ಆ ಮಗುವನ್ನು ಜನವರಿಯಲ್ಲಿ ಕೈಗೆತ್ತಿಕೊಂಡವಳು ನೀನೇ ಅಂತೆ. ಹುಡುಗ ಗುಂಡುಗುಂಡಾಗಿದ್ದಾನೆ, ನನ್ನ ಬಳೆ ಡಬ್ಬಿಯನ್ನೆಲ್ಲ ಎಳೆದಾಡಿದ. ನಾನು ಬೈಯಲಿಲ್ಲ. ಅವನ ಕಾಲು ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಯಾಕೋ ಅಲ್ಲಿಗೆ ನನ್ನ ಹೆದರಿಕೆ ಹೋಯಿತು.

ಪುಟ್ಟತಾಯಮ್ಮ ಹೊರಡುವಾಗ ಅಂಗಡಿಯೊಳಕ್ಕೆಲ್ಲ ಕಣ್ಣು ಹಾಯಿಸಿ, "ಎಲ್ಲಕ್ಕಾ ನಿನ್ ಸೊಸೆ? ಬೆಂಗಳೂರಿಗೆ ಹೊಂಟೋದ್ಲಾ?" ಎಂದು ಕೇಳಿದಳು. ಬೀದಿಗೆ ಕೇಳಿಸುವ ಹಾಗೇ ಉತ್ತರ ಕೊಟ್ಟೆ.

"ಹೊಂಟೋಗಿಲ್ಲ ಕಣೇ. ನಾನ್ ಕಳಿಸಿದೀನಿ."

ನಿನ್ನ ಅಮ್ಮಿ,
ಕುಲ್ಸುಂ ಬೀ